ಮುನಿರಾಮಯ್ಯನ ಹೊಸ್ತಿಲ ಹಾಡು

ಕುರುಬರಹಳ್ಳಿಯ ಮುನಿರಾಮಯ್ಯ ಕ್ಲಾರಿನೆಟ್ ಊದುತ್ತಿದ್ದ ಅಂದರೆ ಯಾರೋ ದೊಡ್ಡ ವಿದ್ವಾಂಸ ಅಂದುಕೊಂಡುಬಿಟ್ಟೀರಿ. ಅಂಥದ್ದೇನೂ ಇಲ್ಲ. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಕೆಂಪು ಕೋಟು, ಜರಿಯ ಟೋಪಿ ಹಾಕಿಕೊಂಡು ಕೆನ್ನೆ ಉಬ್ಬಿಸಿಕೊಂಡು ಹೋಗುವ ಕೆಲಸ. ಲಗ್ನದ ತಿಂಗಳಲ್ಲಿ ಬ್ಯಾಂಡು, ದಿನಾ ಬೆಳಗಿನ ಪಾಳಿಗೆ ಬಟ್ಟೆ ಮಿಲ್ಲು. ಕೋಟು ಕೂಡ ಅವನದಲ್ಲ, ಬ್ಯಾಂಡಿನ ಯಜಮಾನ ಗುರುಸಿದ್ದಯ್ಯನವರದು. ಅವನಿಗಿಂತ ಒಂದು ಸುತ್ತು ದಪ್ಪಗಿದ್ದ ಯಾರಿಗೋ ಹೊಲಿಸಿದ್ದು. ಒಳಗೆ ಇನ್ನೊಬ್ಬ ಸಲೀಸಾಗಿ ತೂರಿಕೊಳ್ಳಬಹುದಿತ್ತು.

ಊದುವಾಗ ಎಷ್ಟು ಗತ್ತೋ, ವಾದ್ಯ ಕೆಳಗಿಟ್ಟರೆ ಅಷ್ಟೇ ಪುಕ್ಕಲು. ಮಿಲ್ಲಿನಿಂದ ಬರುವಾಗ ಮನೆ ಮುಂದೆ ಇಬ್ಬರು ನಿಂತಿದ್ದು ಕಂಡರೆ ಸಾಕು, ಎದೆ ಧಸಕ್ಕೆನ್ನೋದು. ಸೈಕಲ್ಲಿಂದ ಇಳಿದು, ಏನಾಯ್ತೋ ಏನೋ ಅಂತ ದೂರದಲ್ಲೇ ನಿಂತುಬಿಡೋನು. "ನಿಮಗೆ ಹೆದ್ರೋಕೆ ಏನೂ ಸಿಗದೇ ಇದ್ರೆ ಅದಕ್ಕೂ ಹೆದರ್ತೀರಿ," ಅಂತ ಹೆಂಡತಿ ಜಲಜಾ ಆಡಿಕೊಳ್ಳುತ್ತಿದ್ದಳು. ಆದರೆ ಈ ಕತೆ ನಡೆದ ವರ್ಷ ಅವಳೂ ಆಡಿಕೊಳ್ಳುವುದನ್ನು ಬಿಟ್ಟಿದ್ದಳು. ಹೆದರಿಕೆಗೆ ಕಾರಣ ನಿಜವಾಗಿಯೇ ಮನೆಯೊಳಗೆ ಕೂತಿತ್ತು. ಅವನ ಅಜ್ಜಿ ಪಟಾಲಮ್ಮನಿಗೆ ಮರೆವು ಬಂದಿತ್ತು.

ಮರೆವು ಅಂದರೆ ಸೌಟು ಎಲ್ಲಿಟ್ಟೆ ಅನ್ನುವ ಮರೆವಲ್ಲ. ಅಲ್ಲಿಂದಲೇ ಶುರುವಾಗಿದ್ದು ನಿಜ. ಸಾರಿಗೆ ಎರಡೆರಡು ಸಲ ಉಪ್ಪು, ಹಾಲು ಕರೆದ ಹಸುವನ್ನೇ ಮತ್ತೆ ಕರೆಯಲು ಹೋಗಿ ಒದೆ ತಿನ್ನುವುದು, ಇವೆಲ್ಲ ಮೊದಮೊದಲು ನಗೆಯ ಮಾತಾಗಿತ್ತು. ಆಮೇಲೆ ಒಂದು ಬೆಳಿಗ್ಗೆ, ಅಪ್ಪ ಅಮ್ಮ ಕಾಲರಾದಲ್ಲಿ ಹೋದಾಗಿನಿಂದ ತಾನೇ ಎದೆಗವಚಿಕೊಂಡು ಸಾಕಿದ ಮೊಮ್ಮಗನ ಮುಖ ನೋಡಿ, "ಯಾರ ಮಗನಪ್ಪ ನೀನು? ಕಾಫಿ ಕುಡಿದ್ಯಾ?" ಅಂದಳು. ಮುನಿರಾಮಯ್ಯ ನಕ್ಕು, ಕುಡಿದೆ ಅಜ್ಜಿ ಅಂದ. ಆಮೇಲೆ ಕೊಟ್ಟಿಗೆಗೆ ಹೋಗಿ ಹಸುವಿನ ಮಗ್ಗುಲಲ್ಲಿ ನಿಂತು ಅತ್ತ.

ಅದನ್ನೂ ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದಿದ್ದದ್ದು ಸಂಜೆ ಹೊತ್ತು. ಬಿಸಿಲು ಇಳಿಯುತ್ತಿದ್ದ ಹಾಗೆ ಅಜ್ಜಿ ಚಡಪಡಿಸುವುದಕ್ಕೆ ಶುರು ಮಾಡೋಳು. ಇದ್ದ ಮುದ್ದೆಯನ್ನೋ ಇಲ್ಲದಿದ್ದರೆ ಬರೀ ಖಾಲಿ ಬಟ್ಟಲನ್ನೋ ಬಟ್ಟೆಯಲ್ಲಿ ಕಟ್ಟಿಕೊಂಡು, "ಅವ್ರು ಹೊಲದಾಗೆ ಹಸ್ಕೊಂಡಿರ್ತಾರೆ" ಅಂತ ಹೊರಟುಬಿಡೋಳು. ಅವರು ಅಂದರೆ ಗಂಡ, ಉಗ್ರಪ್ಪ. ಆ ಉಗ್ರಪ್ಪ ಎಲ್ಲಿರುತ್ತಿದ್ದರು? ಅವಳ ಕಣ್ಣೆದುರಿಗೇ, ಜಗಲಿ ಮೇಲೆ, ಅಡಿಕೆ ಕತ್ತರಿ ಹಿಡಿದು ಕೂತಿರುತ್ತಿದ್ದರು. ಯಾರೋ ಹಿರಿಯರು ಬಂದು ಕೂತಿದ್ದಾರೆ ಅಂದುಕೊಂಡು ಅವಳು ತಲೆ ಮೇಲೆ ಸೆರಗೆಳೆದುಕೊಂಡು, ಅವರನ್ನು ದಾಟಿಕೊಂಡೇ ಅವರಿಗೆ ಊಟ ಒಯ್ಯಲು ಹೋಗುತ್ತಿದ್ದಳು.

ಉಗ್ರಪ್ಪ ಅಂತ ಹೆಸರಿಟ್ಟವರು ಮಗುವಿನ ಮುಖ ನೋಡದೆ ಇಟ್ಟಿರಬೇಕು. ಎತ್ತಿಗೂ ಗದರದ ಮನುಷ್ಯ. "ನಾನಿಲ್ಲೇ ಇದೀನಿ ಕಣೇ," ಅಂತ ಒಂದೆರಡು ಸಲ ಹೇಳಿ ನೋಡಿದರು. ಅವಳು ಗಾಬರಿಯಾಗಿ ಗೋಡೆಗೆ ಆತುಕೊಂಡಳು. ಪರಗಂಡಸು ಹೀಗೆ ಏಕವಚನದಲ್ಲಿ ಮಾತಾಡಿಸಿದರೆ ಯಾವ ಹೆಂಗಸು ತಾನೇ ಸುಮ್ಮನಿದ್ದಾಳು? ಆವತ್ತಿನಿಂದ ಅವರು ಬಾಯಿ ಬಿಡುವುದನ್ನೇ ನಿಲ್ಲಿಸಿದರು.

ಇನ್ನು ಹೊಲ. ಅದು ಬಡಾವಣೆಗೆ ಹೋಗಿ ಎಷ್ಟೋ ಕಾಲವಾಗಿತ್ತು. ಅವರೆ ಬೆಳೆಯುತ್ತಿದ್ದ ಕಡೆ ನಂಬರು ಬರೆದ ಕಲ್ಲು ನೆಟ್ಟಿದ್ದರು. ರಾಜಾಜಿನಗರ ಆಗ ಇನ್ನೂ ಮೈಮೂಳೆ ಕಟ್ಟಿಕೊಳ್ಳುತ್ತಿದ್ದ ಊರು. ಒಂದು ರಸ್ತೆ ಇದ್ದ ಹಾಗೇ ಇನ್ನೊಂದು, ಒಂದು ಇಟ್ಟಿಗೆ ರಾಶಿ ಇದ್ದ ಹಾಗೇ ಮತ್ತೊಂದು. ಬುದ್ಧಿ ನೆಟ್ಟಗಿದ್ದವರೇ ಅಲ್ಲಿ ಹೋಗಿ ಸುತ್ತಿದಲ್ಲೇ ಸುತ್ತುತ್ತಿದ್ದರು. ಅಂಥದ್ದರಲ್ಲಿ ಒಂದು ಸಂಜೆ ಪಟಾಲಮ್ಮ ಕಳೆದುಹೋದಳು.

ಸಿಕ್ಕಿದಳು, ಬಿಡಿ. ಕೇತಮಾರನಹಳ್ಳಿ ಹತ್ತಿರ ಸುಣ್ಣ ಕಲಸುವವರ ಗುಡಿಸಲ ಮುಂದೆ ಕೂತಿದ್ದಳಂತೆ. ಯಾವೂರಮ್ಮ ಅಂದರೆ "ನಮ್ಮೂರೇ". ಯಾರ ಮನೆ ಅಂದರೆ "ನಮ್ಮನೆಯೋರ ಮನೆ". ಯಜಮಾನ್ರ ಹೆಸರೇನು ಅಂದರೆ ಬಾಯಿಗೆ ಸೆರಗು. ಅಲ್ಲಿಂದ ಮುಂದಕ್ಕೆ ಒಂದು ಅಕ್ಷರವಿಲ್ಲ. ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತೆ ಅಂತ ನಂಬಿದ ಕಾಲದವಳು. ಮನೆ ಮರೆತಿತ್ತು, ಮೊಮ್ಮಗ ಮರೆತಿದ್ದ, ಗಂಡನ ಮುಖವೇ ಅಳಿಸಿಹೋಗಿತ್ತು. ಹೆಸರು ಹೇಳಬಾರದು ಅನ್ನೋದು ಮಾತ್ರ ಗಟ್ಟಿಯಾಗಿ ನಿಂತಿತ್ತು. ಹಾಲು ಹಾಕುವವನೊಬ್ಬ ಗುರುತು ಹಿಡಿಯದೇ ಹೋಗಿದ್ದರೆ ಆವತ್ತೇ ಕತೆ ಮುಗಿಯುತ್ತಿತ್ತು.

ಮುನಿರಾಮಯ್ಯನಿಗೆ ಅನ್ನ ಸೇರಲಿಲ್ಲ. ಮತ್ತೆ ತಪ್ಪಿಸಿಕೊಂಡರೆ? ಗುರುತಿನವರು ಯಾರೂ ಆ ದಾರಿಯಲ್ಲಿ ಬರದೇ ಇದ್ದರೆ? ಕೂತರೂ ಅದೇ, ನಿಂತರೂ ಅದೇ. ಕೊನೆಗೆ ಉಪಾಯ ಹೊಳೆದದ್ದು ಅವನಿಗಲ್ಲ, ಜಲಜಾಗೆ.

"ನಾನು ಈ ಮನೆಗೆ ಮೊದಲು ಕಾಲಿಟ್ಟಾಗ ಬಾಗಿಲಿಗೆ ಅಡ್ಡ ನಿಂತಿದ್ದು ಯಾರು? ಅಜ್ಜಿನೇ ಅಲ್ವಾ?" ಅಂದಳು. "ನಿಮ್ಮ ಹೆಸರು ಹೇಳೋವರೆಗೂ ಬಿಡಲಿಲ್ಲ. ಪದ ಕಟ್ಟಿ ಹೇಳಿದ್ರೆ ದೋಷ ಇಲ್ಲ ಅಂತ ಅವ್ರೇ ಹೇಳಿಕೊಟ್ಟಿದ್ದು."

ಅದು ಅವರ ಕಡೆಯ ಪದ್ಧತಿ. ಮದುವೆಯಾಗಿ ಬಂದ ಹೆಣ್ಣನ್ನು ನಾದಿನಿಯರೋ ಮನೆಯ ಹಿರಿಯ ಹೆಂಗಸರೋ ಹೊಸ್ತಿಲಲ್ಲಿ ತಡೆಯುತ್ತಾರೆ. ನಾಲ್ಕು ಸಾಲಿನ ಪದ ಹೇಳಿ ಕೊನೆಗೆ ಗಂಡನ ಹೆಸರು ಸೇರಿಸಿದರೆ ಮಾತ್ರ ಒಳಗೆ ದಾರಿ. ಪದದೊಳಗೆ ಬಂದರೆ ಅದು ಹೆಸರು ಹೇಳಿದ ಹಾಗಲ್ಲ. ಹೆಂಗಸರು ತಮಗೆ ತಾವೇ ಮಾಡಿಕೊಂಡ ಸಣ್ಣ ಕಿಂಡಿ ಅದು.

ಜಲಜಾ ಹೋಗಿ ಅಡಿಗೆ ಮನೆಯ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಂತಳು. "ಹೆಸರು ಹೇಳಿ ಒಳಗೆ ಬನ್ನಿ ಅಜ್ಜಿ." ಪಟಾಲಮ್ಮ ಅವಳನ್ನು ನೋಡಿದಳು. ಬಾಗಿಲು ನೋಡಿದಳು. ಸುಕ್ಕಿನ ಮುಖದ ಮೇಲೆ ನಾಚಿಕೆಯ ನಗು ಬಂತು. ನಿಧಾನಕ್ಕೆ, ರಾಗವಾಗಿ ಹೇಳಿದಳು:

ಅವರೆಯ ಹೊಲದಲ್ಲಿ ಸೊಗಡೆದ್ದು ನಿಂತೈತೆ,
ಕೆರೆಯೇರಿ ಮ್ಯಾಲಿಂದ ಬಿಸಿಲಿಳಿದು ಹೋಗೈತೆ,
ಹೊಸ್ತಿಲು ಬಿಡಿರಮ್ಮ, ದೀಪದ ಹೊತ್ತಾಗೈತೆ,
ಹಸ್ಕೊಂಡು ಬಂದವ್ರೆ ನಮ್ಮನೆ…

ಅಲ್ಲಿ ನಿಂತಳು. ಉಸಿರು ಎಳೆದುಕೊಂಡಳು. ಆಮೇಲೆ, "ಉಗ್ರಪ್ಪ," ಅಂದಳು. ಹೊರಗೆ ಜಗಲಿಯಲ್ಲಿ ಅಡಿಕೆ ಕತ್ತರಿಯ ಸದ್ದು ನಿಂತುಹೋಯಿತು.

ಮುನಿರಾಮಯ್ಯನಿಗೆ ಕಳೆದ ಜೀವ ಬಂದಂತಾಯಿತು. ಕುರುಬರಹಳ್ಳಿಗೆಲ್ಲ ಉಗ್ರಪ್ಪ ಒಬ್ಬರೇ. ಆ ಹೆಸರೊಂದು ಬಾಯಿಂದ ಬಂದರೆ ಯಾರಾದರೂ ಮನೆಗೆ ತಂದು ಬಿಟ್ಟಾರು. ಅಲ್ಲಿಂದ ದಿನಾ ಸಂಜೆ ಅದೇ ಪಾಠ. ಜಲಜಾ ಬಾಗಿಲಿಗೆ ಅಡ್ಡ ನಿಲ್ಲೋದು, ಅಜ್ಜಿ ಪದ ಹೇಳೋದು, ಕೊನೆಯ ಹೆಸರು ಸರಿಯಾಗಿ ಬರುವ ತನಕ ಮುನಿರಾಮಯ್ಯ ಕಂಬಕ್ಕೆ ಒರಗಿ ಉಗುರು ಕಚ್ಚೋದು. ಉಗ್ರಪ್ಪ ಆ ಹೊತ್ತಿಗೆ ಸರಿಯಾಗಿ ಜಗಲಿ ಮೇಲೆ ಗೋಡೆಗೆ ಕಿವಿ ಕೊಟ್ಟು ಕೂರೋರು. ಇಷ್ಟು ವರ್ಷ ಬಾಳಿದ ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಕೇಳಿದ್ದು ಮದುವೆ ದಿನ ಒಂದು ಸಲ, ಈಗ ದಿನಕ್ಕೊಂದು ಸಲ. ಮುಖ ಮರೆತವಳ ಹತ್ತಿರ ಅವರಿಗೆ ಉಳಿದಿದ್ದ ಆಸ್ತಿ ಅಷ್ಟೇ.

ಆದರೆ ಪುಕ್ಕಲು ಮನುಷ್ಯನಿಗೆ ಒಂದು ಹೆದರಿಕೆ ಹೋದರೆ ಇನ್ನೊಂದು ಬಂದು ಕೂರುತ್ತದೆ. ಪದ ಎತ್ತಿಕೊಟ್ಟರೆ ತಾನೇ ಅಜ್ಜಿ ಹೆಸರು ಹೇಳೋದು? ಎತ್ತಿಕೊಡಲು ಜನಕ್ಕೆ ಪದ ಗೊತ್ತಿರಬೇಕಲ್ಲ? ಕೊಳಾಯಿ ಹತ್ತಿರ ಹೆಂಗಸರಿಗೆ ಹೇಳಿಕೊಟ್ಟ. "ಅಜ್ಜಿ ಎಲ್ಲಾದ್ರೂ ಸಿಕ್ಕಿದ್ರೆ ಹೆಸರು ಕೇಳಬೇಡಿ, ಈ ಪದ ಎತ್ತಿ" ಅಂದ. ಎಳೇ ಹುಡುಗಿಯರು, ಅವರೆ ಹೊಲವಂತೆ, ಸೊಗಡಂತೆ ಅಂತ ಕಿಸಕ್ಕೆಂದರು. ಹಳೇ ರಾಗ, ಎಳೆದೆಳೆದು ಸಾಯಿಸುತ್ತೆ ಅಂದರು. ಹಾಗಾದರೆ ಇವರ ಬಾಯಿಗೆ ಅಂಟುವ ಹಾಗೆ ಮಾಡ್ತೀನಿ ಇರು ಅಂತ ಮುನಿರಾಮಯ್ಯ ಕ್ಲಾರಿನೆಟ್ ಕೈಗೆತ್ತಿಕೊಂಡ. ರಾಗಕ್ಕೆ ಕುಣಿತ ಸೇರಿಸಿದ. ಹೊಲ ತೆಗೆದು ರಸ್ತೆ ಹಾಕಿದ:

ರಾಜಾಜಿನಗರಕ್ಕೆ ರಸ್ತೆಯು ಬಂದೈತೆ,
ರಸ್ತೆಯ ಕಂಬಕ್ಕೆ ಲೈಟೊಂದು ಹತ್ತೈತೆ,
ಹೊಸ್ತಿಲು ಬಿಡಿರಮ್ಮ, ಮದುವೆಯು ಆಗೈತೆ,
ಗತ್ತಾಗಿ ನಿಂತವ್ರೆ ನಮ್ಮನೆ…

ಅಲ್ಲಿ ಅಜ್ಜಿ ನಿಲ್ಲುತ್ತಿದ್ದ ಹಾಗೇ ಕ್ಲಾರಿನೆಟ್ ನಿಲ್ಲಿಸಿದ. ಹೆಸರಿಗೆ ಜಾಗ ಖಾಲಿ. ಆ ಖಾಲಿ ಆದ ಮೇಲೆ ಡ್ರಮ್ಮಿನವನು ಎರಡೇಟು ಕೊಟ್ಟರೆ ಹಾಡು ಮುಗಿಯಿತು.

ಗುರುಸಿದ್ದಯ್ಯನವರು ಇದನ್ನು ಕೇಳಿದವರೇ ತೊಡೆ ತಟ್ಟಿಕೊಂಡರು. ಮಾರನೇ ಲಗ್ನದಲ್ಲೇ ನುಡಿಸಿದರು. ಖಾಲಿ ಜಾಗ ಬಂದಾಗ ಯಾರೋ ಹುಡುಗಿ, "ಹೇಳೇ, ಹೆಸರು ಹೇಳೇ" ಅಂತ ಮದುಮಗಳನ್ನು ತಿವಿದಳು. ಮದುಮಗಳು ಹೇಳಿಯೇಬಿಟ್ಟಳು. ಡ್ರಮ್ಮು ಬಿತ್ತು, ಚಪ್ಪರವೆಲ್ಲ ನಗೆ. ಮುಗಿಯಿತಲ್ಲ. ಆ ವರ್ಷ ಮಾಗಡಿ ರೋಡಿನಿಂದ ಮೈಸೂರು ರೋಡಿನ ತನಕ ಆ ಹಾಡಿಲ್ಲದೆ ಮದುವೆಯಿಲ್ಲ ಅನ್ನುವ ಹಾಗಾಯಿತು. ಬೇರೆ ಬ್ಯಾಂಡಿನವರೂ ಕಲಿತುಕೊಂಡರು. ಮಿಲ್ಲಿನಲ್ಲಿ ನೂಲು ತೆಗೆಯುವವರು, ಜಟಕಾದವರು, ಶಾಲೆಗೆ ಹೋಗುವ ಹೆಣ್ಣುಮಕ್ಕಳು, ಎಲ್ಲರ ಬಾಯಲ್ಲೂ ಅದೇ. ಮುನಿರಾಮಯ್ಯನನ್ನು ಜನ ನಿಲ್ಲಿಸಿ ಮಾತಾಡಿಸುತ್ತಿದ್ದರು. ದೊಗಳೆ ಕೋಟಿನಲ್ಲೂ ಅವನು ಸ್ವಲ್ಪ ಎದೆ ಸೆಟೆಸಿ ನಡೆದ. ನಡೆಯಲಿ ಪಾಪ, ಎಷ್ಟು ದಿನದ ಸುಖ ಅದು.

ಹಾಡು ಊರಿಗೆಲ್ಲ ಹೋಗಿ, ತಿರುಗಿ ಅದೇ ಮನೆಯ ಕಿಟಕಿಯಲ್ಲಿ ಒಳಗೆ ಬಂತು. ಪಕ್ಕದ ಕೊಳಾಯಿಯಲ್ಲಿ ಹುಡುಗಿಯರು ಕೊಡ ತುಂಬುವಷ್ಟು ಹೊತ್ತೂ ಅದನ್ನೇ ಹಾಡೋರು. ಖಾಲಿ ಜಾಗಕ್ಕೆ ಒಬ್ಬೊಬ್ಬಳಿಗೂ ಗೊತ್ತಾದ ಗಂಡಿನ ಹೆಸರು ಹಾಕಿ ರೇಗಿಸೋರು. ಪಟಾಲಮ್ಮ ಕಿಟಕಿ ಹತ್ತಿರ ಕೂತು ತಲೆಯಾಡಿಸೋಳು. ಒಂದು ಸಂಜೆ ಜಲಜಾ ಬಾಗಿಲಿಗೆ ಅಡ್ಡ ನಿಂತಾಗ ಅಜ್ಜಿ ಚುರುಕಾಗಿ, ಕುಣಿತದ ರಾಗದಲ್ಲಿ ಹೊಸ ಪದ ಹೇಳಿದಳು. ನಿಲ್ಲಬೇಕಾದಲ್ಲಿ ನಿಂತಳು. ಆಮೇಲೆ, "ಚನ್ನಬಸಪ್ಪ," ಅಂದಳು.

ಚನ್ನಬಸಪ್ಪ ಅಂದರೆ ಕೊನೇ ಮನೆ ಹುಡುಗಿಗೆ ಗೊತ್ತಾಗಿದ್ದ ಗಂಡು. ನಗು ಬಂದರೂ ಜಲಜಾ ಬಾಗಿಲು ಬಿಡಲಿಲ್ಲ. "ಅಲ್ಲ ಅಜ್ಜಿ, ಇನ್ನೊಂದ್ಸಲ ಹೇಳಿ." ಇನ್ನೊಂದು ಸಲವೂ ಚನ್ನಬಸಪ್ಪನೇ. ಮುನಿರಾಮಯ್ಯ ಹೊರಗೆ ಇಣುಕಿದ. ತಾತ ಅಡಿಕೆ ಕತ್ತರಿಯನ್ನು ಚೀಲದೊಳಗೆ ಹಾಕಿ, ಚೀಲದ ಬಾಯಿ ಬಿಗಿದು, ಎದ್ದು ಹಸುವಿಗೆ ನೀರು ಕುಡಿಸಲು ಹೋದರು. ಆವತ್ತು ಅವರು ಊಟಕ್ಕೆ ಏಳಲಿಲ್ಲ.

ಅಜ್ಜಿಯನ್ನು ಕಾಯಲೆಂದು ಮಾಡಿದ ಹಾಡು ಅವಳ ಕೈಲಿದ್ದ ಕೊನೆಯ ಹೆಸರನ್ನೂ ಕಿತ್ತುಕೊಂಡಿತಲ್ಲ. ಮುನಿರಾಮಯ್ಯ ಹುಡುಗಿಯರಿಗೆ ಹಾಡಬೇಡಿ ಅಂದ. ಅವರು ಹಾಡಿದರು. ಗುರುಸಿದ್ದಯ್ಯನವರಿಗೆ ನಿಲ್ಲಿಸೋಣ ಅಂದ. "ತಲೆ ಕೆಟ್ಟಿದೆಯೇನಯ್ಯ" ಅಂದರು. ಅಜ್ಜಿ ಕೆಲವು ಸಂಜೆ ಉಗ್ರಪ್ಪ ಅನ್ನೋಳು, ಕೆಲವು ಸಂಜೆ ಬೇರೇನೋ. ಯಾವತ್ತು ಯಾವುದು ಬರುತ್ತೋ ದೇವರಿಗೇ ಗೊತ್ತು. ಈಗ ತಪ್ಪಿಸಿಕೊಂಡರೆ ಏನು ಗತಿ ಅನ್ನುವುದೊಂದೇ ಯೋಚನೆ ಅವನ ತಲೆಯಲ್ಲಿ. ಮಿಲ್ಲಿನಲ್ಲಿ ಕೈ ಕೆಲಸದ ಮೇಲಿದ್ದರೆ ಜೀವ ಮನೆಯ ಅಗುಳಿಯ ಮೇಲಿರೋದು.

ಅಗುಳಿ ಹಾಕಿದ್ದೇನೋ ಹಾಕಿದ್ದರು. ಕೊಳಾಯಿಯಲ್ಲಿ ನೀರು ಬಂತು ಅಂತ ಜಲಜಾ ಅಗುಳಿ ತೆಗೆದು ಎರಡು ಕೊಡ ತರಲು ಹೋದದ್ದಷ್ಟೇ, ತಾತ ಹಸು ಮೇಯಿಸಲು ಹೋಗಿದ್ದರು.

ಆ ದಿನ ಮುನಿರಾಮಯ್ಯ ಪಾಳಿ ಮುಗಿಸಿ ಬರುವಾಗ ಮನೆ ಮುಂದೆ ಇಬ್ಬರಲ್ಲ, ಒಂದು ಗುಂಪೇ ನಿಂತಿತ್ತು. ಸೈಕಲ್ಲಿಂದ ಇಳಿದು ದೂರದಲ್ಲೇ ನಿಂತುಬಿಟ್ಟ. ಜಲಜಾ ಅಳುತ್ತಿದ್ದಳು. ಪಕ್ಕದ ಮನೆ ನರಸಮ್ಮ ಹತ್ತಿರ ಬಂದು ಹೇಳಿದಳು: "ಮೇಲಿನ ಬೀದಿಯಲ್ಲಿ ಮದುವೆ ಆಯ್ತಲ್ಲಪ್ಪ, ಆ ದಿಬ್ಬಣ ಬ್ಯಾಂಡು ಬಾರಿಸ್ಕೊಂಡು ಹೋಯ್ತು. ನಿಮ್ಮಜ್ಜಿ ಹಿಂದೆ ಚಪ್ಪಾಳೆ ತಟ್ಕೊಂಡು ಹೋಗ್ತಿದ್ರು. ಜೊತೇಲಿ ಯಾರೋ ಇದಾರೆ ಅಂದ್ಕೊಂಡೆ. ನಿನ್ನ ಹಾಡೇ ಕಣಪ್ಪ ಬಾರಿಸ್ತಿದ್ದದ್ದು."

ಮದುವೆ ಮನೆಗೆ ಓಡಿದ. ಅಲ್ಲಿ ಎಲೆ ಎತ್ತುತ್ತಿದ್ದವರು ಕೈ ತೊಳೆದುಕೊಂಡು ಬಂದು ಸಮಾಧಾನವಾಗಿ ಹೇಳಿದರು: "ಬಿಳೀ ಕೂದಲು, ಬೊಚ್ಚು ಬಾಯಿ, ಹಸಿರು ಸೀರೆ ತಾನೇ? ಗಂಡಿನ ಕಡೆ ಅಜ್ಜಿ ಅಂದ್ಕೊಂಡು ನಾವೇ ಕೈ ಹಿಡಿದು ಲಾರಿ ಹತ್ತಿಸಿದ್ವಿ. ಕೆಂಗೇರಿಗೆ ಹೋಯ್ತು ಲಾರಿ. ಹೆಣ್ಣು ಕರ್ಕೊಂಡು."

ಯಾರನ್ನು ಬಯ್ಯುತ್ತೀರಿ? ಮದುವೆ ಮನೆಯಲ್ಲಿ ಮುದುಕಿಯೊಬ್ಬಳನ್ನು ಹಿಡಿದು, ನೀವು ಯಾರು ಅಂತ ಕೇಳುವ ಧೈರ್ಯ ಯಾರಿಗಿದೆ? ಬೀಗರ ಕಡೆಯವರಾಗಿದ್ದರೆ ಆ ಒಂದು ಮಾತಿಗೆ ಮುನಿಸು ವರ್ಷಗಟ್ಟಲೆ ಎಳೆಯುತ್ತದೆ. ಹೆಣ್ಣಿನವರು ಗಂಡಿನ ಕಡೆ ಅಂದುಕೊಂಡರು, ಗಂಡಿನವರು ಹೆಣ್ಣಿನ ಕಡೆ ಅಂದುಕೊಂಡರು, ಇಬ್ಬರೂ ಉಪಚಾರ ಮಾಡಿದರು.

ಮುನಿರಾಮಯ್ಯ ಸೈಕಲ್ ತಿರುಗಿಸಿದಾಗ ತಾತ ಬಂದು ಕ್ಯಾರಿಯರ್ ಹಿಡಿದುಕೊಂಡರು. "ನಾನೂ ಬರ್ತೀನಿ."

"ಅಷ್ಟು ದೂರ ನಿಮ್ಮ ಕೈಲಿ ಆಗಲ್ಲ ತಾತ. ಅಲ್ದೆ ಅಜ್ಜಿಗೆ ನಿಮ್ಮ…" ಅಂದವನು ಅಲ್ಲಿಗೇ ನಿಲ್ಲಿಸಿದ.

"ಸಂಜೆ ಆಗ್ತಾ ಐತೆ ಕಣೋ," ಅಂದರು ಉಗ್ರಪ್ಪ. "ಅವ್ಳು ನನ್ನ ಹುಡುಕೋ ಹೊತ್ತು."

ತಾತನನ್ನು ಕೂರಿಸಿಕೊಂಡು ತುಳಿದ. ಹೊಸಹಳ್ಳಿ ದಾಟಿ, ಗದ್ದೆ ಬದಿಯ ಗಾಡಿ ಜಾಡಿನಲ್ಲಿ ಇಳಿದು ಮೈಸೂರು ರೋಡು ಸೇರುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಲಾರಿ ಹತ್ತಿದ್ದು ಗೊತ್ತು. ಆದರೆ ನಡುವೆ ಎಲ್ಲಾದರೂ ಇಳಿದಿದ್ದರೆ? ನೀರು ಕುಡಿಯಲು ನಿಲ್ಲಿಸಿದ್ದಾಗ, ಅವ್ರು ಹಸ್ಕೊಂಡಿರ್ತಾರೆ ಅಂತ ಯಾವ ಹೊಲದ ಕಡೆಗೆ ಹೊರಟಳೋ. ದಾರಿ ಬದಿಯಲ್ಲಿ ಬಾವಿ ಕಂಡರೆ ಇಳಿದು ಇಣುಕಿ ನೋಡಿದ. ನಾಯಂಡಹಳ್ಳಿ ಹೊಳೆಯ ಸೇತುವೆ ಮೇಲೆ ನಿಂತು ಎರಡೂ ಕಡೆ ಬಗ್ಗಿ ನೋಡಿದ. ಹಸಿರು ಬಟ್ಟೆ ಏನು ಕಂಡರೂ ಸೈಕಲ್ ನಿಲ್ಲಿಸೋನು. ಒಂದು ಕಡೆ ತಾತ ಹಿಂದಿನಿಂದ, "ಆ ಹೊಸ ಪದದಲ್ಲಿ ಹಸಿವಿನ ಮಾತು ಯಾಕೋ ತೆಗೆದೆ?" ಅಂತ ಕೇಳಿದರು. "ಮದುವೆ ಹಾಡಲ್ವಾ ತಾತ, ಚೆನ್ನಾಗಿರಲ್ಲ ಅಂತ," ಅಂದ. ಹೂಂ ಅಂದರು.

ಕೆಂಗೇರಿಯಲ್ಲಿ ಮದುವೆ ಮನೆ ಹುಡುಕುವುದೇನೂ ಕಷ್ಟವಾಗಲಿಲ್ಲ. ಚಪ್ಪರದಡಿ ಪಟಾಲಮ್ಮ ಕೂತಿದ್ದಳು. ಮುಡಿಗೆ ಯಾರೋ ಹೂವು ಮುಡಿಸಿದ್ದರು. ಮುಂದೆ ಪಾಯಸದ ಲೋಟ ಇತ್ತು. ಮುನಿರಾಮಯ್ಯ "ಅಜ್ಜಿ," ಅಂತ ಹೋಗಿ ಮುಂದೆ ಕುಕ್ಕರಿಸಿದ.

ಅಜ್ಜಿ ನಯವಾಗಿ ಕೇಳಿದಳು: "ಯಾರ ಮಗನಪ್ಪ ನೀನು?"

ಅಲ್ಲಿಗೆ ಕೆಲಸ ಕೆಟ್ಟಿತು. ಗಂಡಿನ ಸೋದರತ್ತೆ ರಾಮಕ್ಕ ಅಂತ ಒಬ್ಬಾಕೆ, ಗಟ್ಟಿ ಹೆಂಗಸು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಡ್ಡ ಬಂದಳು. ತಾಂಬೂಲ ಕೊಡುವಾಗಲೇ ಮನೆಯವರಿಗೆ ಗೊತ್ತಾಗಿತ್ತಂತೆ, ಈ ಅಜ್ಜಿ ಎರಡು ಕಡೆಗೂ ಸೇರಿದವಳಲ್ಲ ಅಂತ.

"ಮೊಮ್ಮಗ ಅಂತೀಯ, ಅವ್ರಿಗೆ ನಿನ್ನ ಗುರ್ತೇ ಇಲ್ಲ," ಅಂದಳು. "ಕಿವೀಲಿ ಓಲೆ, ಕುತ್ತಿಗೇಲಿ ಕಾಸಿನ ಸರ ಐತೆ. ದಾರೀಲಿ ಹೋಗೋರೆಲ್ಲ ಬಂದು ನಮ್ಮಜ್ಜಿ ಅಂದ್ರೆ ಕಳಿಸಿಬಿಡೋದಾ? ನಾಳೆ ಇವರ ಮನೆಯವರು ಬಂದು ಕೇಳಿದ್ರೆ ನಾನೇನು ಹೇಳಲಿ?"

"ಇವ್ರು ನಮ್ಮ ತಾತ. ಅವರ ಯಜಮಾನ್ರು," ಅಂದ ಮುನಿರಾಮಯ್ಯ.

ರಾಮಕ್ಕ ಪಟಾಲಮ್ಮನ ಕಡೆ ತಿರುಗಿದಳು. ಪಟಾಲಮ್ಮ ಪರಗಂಡಸಿನ ಎದುರು ತಲೆ ಮೇಲೆ ಸೆರಗೆಳೆದುಕೊಂಡಿದ್ದಳು. ರಾಮಕ್ಕ ಹುಬ್ಬು ಮೇಲೇರಿಸಿದಳು. ಅವಳದೇನು ತಪ್ಪು? ಅವಳ ಜಾಗದಲ್ಲಿ ಬೇರೆ ಯಾರಿದ್ದರೂ ಅಷ್ಟೇ ಮಾಡುತ್ತಿದ್ದರು.

"ಒಂದು ಕೆಲಸ ಮಾಡಿ," ಅಂದಳು. "ಯಜಮಾನ್ರೇ, ನಿಮ್ಮ ಹೆಸರು ನನ್ನ ಕಿವೀಲಿ ಹೇಳಿ. ಅವ್ರ ಬಾಯಲ್ಲಿ ಅದೇ ಬಂದ್ರೆ ನಮ್ಮ ಗಾಡಿ ಕಟ್ಟಿಸಿ ನಾನೇ ಕಳಿಸ್ತೀನಿ. ಬರ್ದಿದ್ರೆ ಬೆಳಿಗ್ಗೆ ಪಟೇಲ್ರು ಬಂದು ಏನು ಹೇಳ್ತಾರೋ ಹಾಗೆ."

ಉಗ್ರಪ್ಪ ಬಗ್ಗಿ ಹೆಸರು ಹೇಳಿದರು. ಮುನಿರಾಮಯ್ಯ, ಊಟಕ್ಕೆ ಕೂತಿದ್ದ ಬ್ಯಾಂಡಿನವನ ಕ್ಲಾರಿನೆಟ್ ಇಸಿದುಕೊಂಡ. ಎಷ್ಟು ಮದುವೆಯಲ್ಲಿ ಊದಿದ ಹಾಡು, ಆವತ್ತು ತುಟಿ ಒಣಗಿ ಮೊದಲ ಸ್ವರವೇ ಕೀರಲಾಯಿತು. ಸುಧಾರಿಸಿಕೊಂಡು ಊದಿದ. ಅಜ್ಜಿಯ ಮುಖ ಅರಳಿತು, ಕೈ ತಾಳ ಹಾಕಿತು. ನಿಲ್ಲಬೇಕಾದಲ್ಲಿ ನಿಲ್ಲಿಸಿದ.

"ನರಸಿಂಹಯ್ಯ," ಅಂದಳು ಪಟಾಲಮ್ಮ ಖುಷಿಯಿಂದ.

ಅದು ಆವತ್ತಿನ ಮದುಮಗನ ಹೆಸರು. ಹೊಸ್ತಿಲಲ್ಲಿ ಆಗತಾನೇ ಮದುಮಗಳು ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಚಪ್ಪರ ಘೊಳ್ಳೆಂದಿತು, ಮದುಮಗಳು ಮುಖ ಮುಚ್ಚಿಕೊಂಡಳು. ಮುನಿರಾಮಯ್ಯ ನಗಲಿಲ್ಲ. ಮತ್ತೆ ಊದಿದ. "ಚನ್ನಬಸಪ್ಪ" ಬಂತು. ಈ ಸಲ ಯಾರೂ ನಗಲಿಲ್ಲ. ರಾಮಕ್ಕ ತಲೆ ಅಲ್ಲಾಡಿಸಿದಳು. ಮುನಿರಾಮಯ್ಯನಿಗೆ ಇನ್ನೊಂದು ಸಲ ಊದುವ ಧೈರ್ಯ ಬರಲಿಲ್ಲ. ಇನ್ನೊಂದು ಹೆಸರು ಬಂದರೆ, ತಾನು ಮಾಡಿದ ಹಾಡೇ ತನ್ನ ಅಜ್ಜಿಯನ್ನು ಈ ಊರಲ್ಲಿ ಬಿಡಿಸಿಬಿಡುತ್ತದೆ.

"ನಿಲ್ಸು, ಮುನಿಯ," ಅಂದರು ಉಗ್ರಪ್ಪ.

ಅವರು ಹೋಗಿ ಅವಳಿಗೆ ಸ್ವಲ್ಪ ದೂರದಲ್ಲಿ, ಮುಖಕ್ಕೆ ಮುಖ ಕೊಡದೆ, ಚಪ್ಪರದ ಗೂಟಕ್ಕೆ ಒರಗಿ ಕೂತರು. ಹಾಡಿ ಗೊತ್ತಿದ್ದ ಮನುಷ್ಯನಲ್ಲ. ಹಸುವನ್ನು ಕರೆಯುವ ದನಿಯಲ್ಲಿ, ರಾಗ ಅಲ್ಲಲ್ಲಿ ಬಿಟ್ಟು, ತುಂಬಾ ನಿಧಾನವಾಗಿ ಹಳೇ ಪದ ಎತ್ತಿದರು. ಅವರೆಯ ಹೊಲ ಬಂತು. ಸೊಗಡು ಬಂತು. ಅಜ್ಜಿ ತಾಳ ಹಾಕುವುದನ್ನು ನಿಲ್ಲಿಸಿದಳು. ಕೆರೆಯೇರಿ ಮೇಲಿಂದ ಬಿಸಿಲು ಇಳಿದು ಹೋಯಿತು. ಅವಳು ತಲೆ ಎತ್ತಿ ಚಪ್ಪರದ ಹೊರಗೆ ನೋಡಿದಳು. ಅಲ್ಲೂ ಬಿಸಿಲು ಇಳಿದಿತ್ತು.

"ಹಸ್ಕೊಂಡು ಬಂದವ್ರೆ ನಮ್ಮನೆ…" ಅಂದು ಉಗ್ರಪ್ಪ ನಿಲ್ಲಿಸಿದರು.

ಪಟಾಲಮ್ಮ ಪಾಯಸದ ಲೋಟ ಕೆಳಗಿಟ್ಟು ಎದ್ದು ನಿಂತಳು. "ಹೊತ್ತಾಗೋಯ್ತಲ್ಲ," ಅಂದಳು ತನಗೆ ತಾನೇ. ಸುತ್ತ ಇದ್ದ ಜನರನ್ನು ನೋಡಿದಳು. ಹೊಸ್ತಿಲಲ್ಲಿ ನಿಂತಿದ್ದ ರಾಮಕ್ಕನನ್ನು ನೋಡಿದಳು. ಮುನಿರಾಮಯ್ಯ ಅವಳ ತುಟಿಯನ್ನೇ ನೋಡುತ್ತಿದ್ದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಎಳೇ ಹುಡುಗಿ ಹೇಳುವ ಹಾಗೆ ನೆಲ ನೋಡುತ್ತಾ ಹೇಳಿದಳು.

"ಉಗ್ರಪ್ಪ."

ರಾಮಕ್ಕ ಒಳಗೆ ಹೋಗಿ ತಾಂಬೂಲದ ಜೊತೆ ಒಂದು ರವಿಕೆ ಬಟ್ಟೆ ತಂದು, ಅಜ್ಜಿಗೆ ಕುಂಕುಮ ಹಚ್ಚಿ ಮಡಿಲಿಗೆ ಹಾಕಿದಳು. ಗಾಡಿ ಕಟ್ಟಲು ಹೇಳಿದಳು. ಮುನಿರಾಮಯ್ಯ ಕಣ್ಣು ಒರೆಸಿಕೊಂಡು ಕ್ಲಾರಿನೆಟ್ ವಾಪಸು ಕೊಟ್ಟ. ಆಮೇಲೆ ಅವನು ಎಷ್ಟೋ ವರ್ಷ ಬ್ಯಾಂಡಿನಲ್ಲಿದ್ದ. ಆದರೆ ಆ ಹಾಡು ಬಂದರೆ ವಾದ್ಯದ ಬಾಯಿಯ ರೀಡು ಸರಿ ಮಾಡಿಕೊಳ್ಳುವ ನೆಪದಲ್ಲಿ ಬಗ್ಗಿಬಿಡುತ್ತಿದ್ದ, ಉಳಿದವರು ನುಡಿಸುತ್ತಿದ್ದರು.

ಗಾಡಿ ನಿಂತಿದ್ದ ಕಡೆಗೆ ಅಜ್ಜಿ ತಾತ ಮುಂದೆ, ಅವನು ಸೈಕಲ್ ತಳ್ಳಿಕೊಂಡು ಹಿಂದೆ ನಡೆದರು. ಅಜ್ಜಿ ಪಕ್ಕದಲ್ಲಿದ್ದ ಮುದುಕರನ್ನು ಸೆರಗಿನ ಮರೆಯಿಂದ ಒಂದೆರಡು ಸಲ ನೋಡಿದಳು.

"ಅಣ್ಣಯ್ಯ, ನಿಮಗೆ ಅವ್ರ ಪರಿಚಯ ಐತಾ?"

ತಾಳಿ ಕಟ್ಟಿದ ಗಂಡನನ್ನು ಅಣ್ಣಯ್ಯ ಅಂದಳು. ಮುನಿರಾಮಯ್ಯನ ಕೈಯಲ್ಲಿ ಸೈಕಲ್ ಹ್ಯಾಂಡಲ್ ಒಂದು ಕಡೆಗೆ ವಾಲಿತು.

"ಐತೆ," ಅಂದರು ಉಗ್ರಪ್ಪ.

"ಹಂಗಾದ್ರೆ ಅವ್ರ ಹತ್ರ ನನ್ನ ಬಿಟ್ಟುಬಿಡಿ. ಪಾಪ, ಹಸ್ಕೊಂಡಿರ್ತಾರೆ."

"ಬಿಡ್ತೀನಿ, ಬಾ."

ಗಾಡಿ ಹತ್ತಲು ಅವರು ಕೈ ಕೊಟ್ಟರು. ಅವಳು ಹಿಡಿಯಲೋ ಬೇಡವೋ ಅಂತ ಅನುಮಾನಿಸಿ, ಆಮೇಲೆ ಹಿಡಿದು ಹತ್ತಿ ಕೂತಳು. ಕೂತ ಮೇಲೆ ಮುಂದಕ್ಕೆ ಬಗ್ಗಿ, ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ ದನಿ ತಗ್ಗಿಸಿದಳು.

"ಇನ್ನೊಂದು ಮಾತು ಅಣ್ಣಯ್ಯ. ಅಷ್ಟು ಜನರ ಮುಂದೆ ನಾನು ಅವ್ರ ಹೆಸರು ಹೇಳ್ದೆ ಅಂತ ಅವ್ರಿಗೆ ಮಾತ್ರ ಹೇಳ್ಬೇಡಿ."

ಉಗ್ರಪ್ಪ ಗಾಡಿಯ ಚಕ್ರ ಹಿಡಿದುಕೊಂಡರು.

"ಇಲ್ಲ ಕಣವ್ವ," ಅಂದರು. "ಹೇಳಲ್ಲ."